ಪಂಪ್‌ಸೆಟ್ಟಿನ ಸ್ವಯಂ ನಿಯಂತ್ರಣ: 5 ವೋಲ್ಟಿಗೂ 415 ವೋಲ್ಟಿಗೂ ನಡುವೆ ಇರಬೇಕಾದ ಒಡ್ಡು

ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕು ಅರೆಮಲೆನಾಡಿನ ಸೆರಗಿನಲ್ಲಿದೆ. ಅಕ್ಕಿಆಲೂರಿನ ಸುತ್ತಮುತ್ತ ಭತ್ತ ಮತ್ತು ಗೋವಿನಜೋಳದ ಹೊಲಗಳ ಜೊತೆಯಲ್ಲಿ ಅಡಿಕೆ ಮತ್ತು ಮಾವಿನ ತೋಟಗಳೂ ಇವೆ. ಕೊಳವೆಬಾವಿಯ ನೀರನ್ನು ಮೊದಲು ತೊಟ್ಟಿಗೆ ತುಂಬಿಸಿ, ಅಲ್ಲಿಂದ ಹನಿ ನೀರಾವರಿಗೆ ಬಿಡುವ ಪದ್ಧತಿಯನ್ನು ಅನೇಕ ರೈತರು ಅಳವಡಿಸಿಕೊಂಡಿದ್ದಾರೆ. ಮೂರು ಫೇಸಿನ ವಿದ್ಯುತ್ತು ಪಾಳಿಯ ಮೇಲೆ ಬರುವುದರಿಂದ, ಪಂಪು ಚಾಲೂ ಮಾಡಲು ರಾತ್ರಿ ಹೊತ್ತಿನಲ್ಲಿ ಹಾವು ಹುಳುಗಳ ಭಯದ ನಡುವೆ ತೋಟಕ್ಕೆ ಹೋಗಬೇಕಾದ ಪ್ರಸಂಗಗಳು ಬರುತ್ತವೆ. ತೊಟ್ಟಿ ತುಂಬಿದಾಗ ತಾನೇ ನಿಲ್ಲುವ, ಬರಿದಾದಾಗ ತಾನೇ ಚಾಲೂ ಆಗುವ ಪಂಪು ಇದ್ದರೆ ಈ ತೊಂದರೆ ತಪ್ಪುತ್ತದೆ.

ಮೈಕ್ರೋಕಂಟ್ರೋಲರ್ ಎಂಬ ಸೂಕ್ಷ್ಮ ನಿಯಂತ್ರಕದಿಂದ ಇದು ಸಾಧ್ಯ. ಹಳ್ಳಿಯ ವಿದ್ಯಾವಂತ ಯುವಕರು ಆರ್ಡುಯಿನೋ, ಇಎಸ್‌ಪಿ 32 ಮುಂತಾದ ಬೋರ್ಡುಗಳನ್ನು ತರಿಸಿ ಇಂಥ ಸಾಧನಗಳನ್ನು ತಾವೇ ಜೋಡಿಸುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಈ ಬೋರ್ಡು ಕೆಲಸ ಮಾಡುವುದು 5 ಅಥವಾ 3.3 ವೋಲ್ಟಿನಲ್ಲಿ. ಅದು ನಡೆಸಬೇಕಾದ ಪಂಪು ಇರುವುದು 415 ವೋಲ್ಟಿನಲ್ಲಿ. ಇವೆರಡನ್ನು ತಪ್ಪಾಗಿ ಜೋಡಿಸಿದರೆ ಬೋರ್ಡು ಸುಡುವುದು ಸಣ್ಣ ನಷ್ಟ. ಬೋರ್ಡನ್ನು ಮುಟ್ಟಿದವನ ಜೀವಕ್ಕೇ ಸಂಚಕಾರ ಬರಬಹುದು. ಆದುದರಿಂದ ಈ ಜೋಡಣೆಯನ್ನು ಸುರಕ್ಷಿತವಾಗಿ ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಬೇಸಾಯ ಶಾಸ್ತ್ರದ ಉಪನ್ಯಾಸಕರು ವಿದ್ಯುತ್ತಿನ ವಿಷಯ ಬರೆಯುವುದೇಕೆ ಎಂದು ಕೆಲವರು ಕೇಳಬಹುದು. ಬೆಳೆಗೆ ನೀರು ಯಾವಾಗ, ಎಷ್ಟು ಎಂಬ ಶಿಫಾರಸು ಇಂದು ಅನೇಕ ತೋಟಗಳಲ್ಲಿ ಈ ಬೋರ್ಡಿನ ಮೂಲಕವೇ ಜಾರಿಗೆ ಬರುತ್ತಿದೆ. ಆದುದರಿಂದ ಇದು ನೀರು ನಿರ್ವಹಣೆಯ ಒಂದು ಭಾಗವೇ ಆಗಿದೆ.

ಮೂಲ ನಿಯಮ

ಕೆರೆಯ ತೂಬನ್ನು ಎಲ್ಲರೂ ಕಂಡಿದ್ದಾರೆ. ಏರಿಯ ಮೇಲೆ ನಿಂತ ಒಬ್ಬನೇ ಮನುಷ್ಯ ತೂಬಿನ ಸಲಾಕೆಯನ್ನು ಎತ್ತಿ ಇಡೀ ಕೆರೆಯ ನೀರನ್ನು ಬಿಡುತ್ತಾನೆ, ಕಟ್ಟುತ್ತಾನೆ. ಆದರೆ ಅವನು ನೀರಿನ ಸೆಳೆತದಲ್ಲಿ ಇಳಿದು ನಿಲ್ಲುವುದಿಲ್ಲ. ಅವನಿಗೂ ನೀರಿಗೂ ನಡುವೆ ಏರಿ ಇರುತ್ತದೆ.

ನಮ್ಮ ಬೋರ್ಡು ತೂಬು ಎತ್ತುವ ಮನುಷ್ಯನಿದ್ದಂತೆ. ಅದಕ್ಕೂ ಪಂಪಿನ ವಿದ್ಯುತ್ತಿಗೂ ನಡುವೆ ಅಂಥ ಒಂದು ಒಡ್ಡು ಇರಬೇಕು. ಈ ಒಡ್ಡನ್ನು ಯಾವ ತಂತಿಯೂ ದಾಟಬಾರದು. ದಾಟಬೇಕಾದದ್ದು ಎರಡೇ: ಕಾಂತ ಶಕ್ತಿ ಅಥವಾ ಬೆಳಕು. ಬೋರ್ಡಿನಿಂದ ಪಂಪಿಗೆ ಹೋಗುವ ಆಜ್ಞೆ ರಿಲೇಯ ಕಾಂತದ ಮೂಲಕ ಹೋಗಲಿ. ತೊಟ್ಟಿಯಿಂದ ಬೋರ್ಡಿಗೆ ಬರುವ ಸುದ್ದಿ ಆಪ್ಟೋಕಪ್ಲರಿನ ಬೆಳಕಿನ ಮೂಲಕ ಬರಲಿ. ಈ ಒಂದು ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಎಲ್ಲ ವಿವರಗಳೂ ಸುಲಭವಾಗಿ ತಿಳಿಯುತ್ತವೆ.

ಅಪಾಯದ ಪ್ರಮಾಣ

ಸುಮಾರು 1 ಮಿಲಿ ಆಂಪಿಯರ್ ವಿದ್ಯುತ್ತು ದೇಹದಲ್ಲಿ ಹರಿದರೆ ಜುಮ್ಮೆನ್ನುವ ಅನುಭವವಾಗುತ್ತದೆ. ಸುಮಾರು 10 ಮಿಲಿ ಆಂಪಿಯರ್ ಆದಾಗ ಕೈಯ ಸ್ನಾಯುಗಳು ಬಿಗಿದು, ಹಿಡಿದ ತಂತಿಯನ್ನು ಬಿಡಲಾಗುವುದಿಲ್ಲ. 30 ಮಿಲಿ ಆಂಪಿಯರನ್ನು ಮೀರಿ ಕೆಲಕಾಲ ಹರಿದರೆ ಹೃದಯದ ಬಡಿತ ಕೆಡುವ ಸಂಭವವಿದೆ. ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ನಿಂತ, ಮೈ ಒದ್ದೆಯಾದ ಮನುಷ್ಯನ ದೇಹದ ತಡೆ ಸುಮಾರು 1000 ಓಮ್‌ಗೆ ಇಳಿಯಬಹುದು. ಅಂಥವನು 230 ವೋಲ್ಟಿನ ಒಂದು ತಂತಿ ಮುಟ್ಟಿದರೆ 230 ಮಿಲಿ ಆಂಪಿಯರ್ ಹರಿಯುತ್ತದೆ. ಇದು ಅಪಾಯದ ಮಿತಿಗಿಂತ ಏಳು ಪಟ್ಟಿಗೂ ಹೆಚ್ಚು. ಮನೆಯೊಳಗೆ ಒಣ ನೆಲದ ಮೇಲೆ ಪಾರಾದ ತಪ್ಪು ತೋಟದಲ್ಲಿ ಪಾರಾಗಲಾರದು.

ಬೋರ್ಡಿಗೆ ವಿದ್ಯುತ್ತು ಎಲ್ಲಿಂದ?

ಅಗ್ಗದ ಕೆಲವು ಟೈಮರುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲದೆ, ಒಂದು ಕೆಪಾಸಿಟರಿನ ಮೂಲಕವೇ 230 ವೋಲ್ಟನ್ನು 5 ವೋಲ್ಟಿಗೆ ಇಳಿಸಿರುತ್ತಾರೆ. ಮೀಟರಿನಲ್ಲಿ ನೋಡಿದರೆ 5 ವೋಲ್ಟೇ ಕಾಣುತ್ತದೆ. ಆದರೆ ಬೋರ್ಡಿನ ಎಲ್ಲ ಭಾಗಗಳೂ ಲೈನಿಗೆ ನೇರವಾಗಿ ಅಂಟಿಕೊಂಡಿರುತ್ತವೆ. ಹೊಸ ಪ್ರೋಗ್ರಾಮ್ ಹಾಕಲು ಅದಕ್ಕೆ ಲ್ಯಾಪ್‌ಟಾಪ್ ಜೋಡಿಸಿದರೆ ಲ್ಯಾಪ್‌ಟಾಪಿನ ಲೋಹದ ಭಾಗಕ್ಕೂ ಕರೆಂಟು ಬರಬಹುದು. ಇಂಥ ಸಾಧನವನ್ನು ಬೋರ್ಡಿಗೆ ಬಳಸಲೇಬಾರದು.

ತೋಟಕ್ಕೆ ಅತ್ಯುತ್ತಮವಾದದ್ದು 10 ವ್ಯಾಟಿನ ಸಣ್ಣ ಸೌರ ಫಲಕ ಮತ್ತು 12 ವೋಲ್ಟಿನ ಬ್ಯಾಟರಿ. ಬ್ಯಾಟರಿಯಿಂದ 5 ವೋಲ್ಟಿಗೆ ಇಳಿಸುವ ಪರಿವರ್ತಕ ಪೇಟೆಯಲ್ಲಿ ದೊರೆಯುತ್ತದೆ. ಇದರಿಂದ ಬೋರ್ಡಿಗೂ ಲೈನಿಗೂ ಸಂಬಂಧವೇ ಇರುವುದಿಲ್ಲ. ಲೈನು ಹೋದಾಗಲೂ ಬೋರ್ಡು ಸಮಯವನ್ನು ಮರೆಯುವುದಿಲ್ಲ. ಲೈನಿನಿಂದಲೇ ವಿದ್ಯುತ್ತು ತೆಗೆದುಕೊಳ್ಳಬೇಕಾದ ಸಂದರ್ಭದಲ್ಲಿ ಬಿ.ಐ.ಎಸ್. ಗುರುತಿನ, ಟ್ರಾನ್ಸ್‌ಫಾರ್ಮರ್ ಇರುವ ಅಡಾಪ್ಟರನ್ನೇ ಬಳಸಿ, ಅದರ ಮಾರ್ಗದಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಬೇಕು.

ಬೋರ್ಡಿನಿಂದ ರಿಲೇಗೆ

ಬೋರ್ಡಿನ ಒಂದು ಪಿನ್ನಿನಿಂದ ಸುಮಾರು 20 ಮಿಲಿ ಆಂಪಿಯರಿಗಿಂತ ಹೆಚ್ಚು ತೆಗೆಯುವುದು ಸೂಕ್ತವಲ್ಲ. ಪೇಟೆಯಲ್ಲಿ ಸಿಗುವ ನೀಲಿ ಬಣ್ಣದ 5 ವೋಲ್ಟಿನ ರಿಲೇಯ ಸುರುಳಿಯ ತಡೆ ಸುಮಾರು 70 ಓಮ್ ಇರುವುದರಿಂದ ಅದು ಸುಮಾರು 71 ಮಿಲಿ ಆಂಪಿಯರ್ ಬೇಡುತ್ತದೆ. ಆದುದರಿಂದ ರಿಲೇಯನ್ನು ಪಿನ್ನಿಗೆ ನೇರವಾಗಿ ಜೋಡಿಸಬಾರದು. ಕೆಳಗಿನ ಕ್ರಮವನ್ನು ಅನುಸರಿಸಬೇಕು:

1. ಪಿನ್ನಿನಿಂದ 1000 ಓಮ್ ತಡೆಯ ಮೂಲಕ 2ಎನ್2222 ಟ್ರಾನ್ಸಿಸ್ಟರಿನ ಬೇಸಿಗೆ ಜೋಡಿಸಬೇಕು. ರಿಲೇಯ ಸುರುಳಿಯನ್ನು 5 ವೋಲ್ಟಿಗೂ ಟ್ರಾನ್ಸಿಸ್ಟರಿನ ಕಲೆಕ್ಟರಿಗೂ ನಡುವೆ ಇಡಬೇಕು. ಎಮಿಟರು ಗ್ರೌಂಡಿಗೆ ಹೋಗಬೇಕು.

2. ಸುರುಳಿಗೆ ಅಡ್ಡಲಾಗಿ 1ಎನ್4007 ಡಯೋಡನ್ನು, ಅದರ ಬೆಳ್ಳಿಪಟ್ಟಿ 5 ವೋಲ್ಟಿನ ಕಡೆಗೆ ಬರುವಂತೆ ಬೆಸೆಯಬೇಕು. ರಿಲೇ ನಿಲ್ಲುವಾಗ ಸುರುಳಿಯಲ್ಲಿ ಹುಟ್ಟುವ ಹೆಚ್ಚಿನ ವೋಲ್ಟೇಜು ಟ್ರಾನ್ಸಿಸ್ಟರನ್ನು ಕೊಲ್ಲದಂತೆ ಇದು ಕಾಯುತ್ತದೆ.

3. ಪಿನ್ನಿಗೂ ಗ್ರೌಂಡಿಗೂ ನಡುವೆ 10,000 ಓಮ್ ತಡೆ ಹಾಕಬೇಕು. ಬೋರ್ಡಿಗೆ ವಿದ್ಯುತ್ತು ಬಂದ ಮೊದಲ ಕ್ಷಣಗಳಲ್ಲಿ ಪಿನ್ನಿಗೆ ಯಾವ ಆಜ್ಞೆಯೂ ಇರುವುದಿಲ್ಲ. ಆಗ ಪಂಪು ಅಕಸ್ಮಾತ್ ಚಾಲೂ ಆಗದಂತೆ ಈ ತಡೆ ನೋಡಿಕೊಳ್ಳುತ್ತದೆ.

ಬೋರ್ಡಿನ ಮೇಲೇ ಎಲ್ಲವನ್ನೂ ಜೋಡಿಸಿದ ಸಿದ್ಧ ರಿಲೇ ಮಾಡ್ಯೂಲುಗಳೂ ಬರುತ್ತವೆ. ಅವುಗಳ ವಿಷಯದಲ್ಲಿ ಎರಡು ಸಂಗತಿ ಗಮನಿಸತಕ್ಕವು. ಮೊದಲನೆಯದಾಗಿ, ಕೆಲವು ಮಾಡ್ಯೂಲುಗಳು ಪಿನ್ನು ಸೊನ್ನೆ ವೋಲ್ಟಿಗೆ ಬಂದಾಗ ಚಾಲೂ ಆಗುತ್ತವೆ. ಇದನ್ನು ಮೊದಲೇ ಪರೀಕ್ಷಿಸಬೇಕು. ಅಂಥ ಮಾಡ್ಯೂಲಿಗೆ ಮೇಲೆ ಹೇಳಿದ 10,000 ಓಮ್ ತಡೆ ಗ್ರೌಂಡಿಗಲ್ಲ, ಬೋರ್ಡಿನ ಧನ ತಂತಿಗೆ ಹೋಗಬೇಕು. ಎರಡನೆಯದಾಗಿ, ಆಪ್ಟೋಕಪ್ಲರ್ ಇರುವ ಮಾಡ್ಯೂಲಿನಲ್ಲಿ ಜೆಡಿ-ವಿಸಿಸಿ ಎಂದು ಬರೆದ ಸಣ್ಣ ಜಂಪರ್ ಇರುತ್ತದೆ. ಅದನ್ನು ತೆಗೆದು ರಿಲೇಗೆ ಬೇರೆ ವಿದ್ಯುತ್ತು ಕೊಟ್ಟಾಗ ಮಾತ್ರ ಆ ಆಪ್ಟೋಕಪ್ಲರಿಗೆ ಅರ್ಥವಿದೆ.

ರಿಲೇಯಿಂದ ಪಂಪಿಗೆ: 415 ವೋಲ್ಟನ್ನು ಮೊದಲು 24ಕ್ಕೆ ಇಳಿಸಿರಿ

ಅತಿ ಹೆಚ್ಚಿನ ತಪ್ಪು ನಡೆಯುವುದು ಇಲ್ಲಿಯೇ. ನೀಲಿ ರಿಲೇಯ ಮೇಲೆ 10 ಆಂಪಿಯರ್, 250 ವೋಲ್ಟ್ ಎಂದು ಬರೆದಿರುತ್ತದೆ. 5 ಅಶ್ವಶಕ್ತಿಯ ಮೂರು ಫೇಸಿನ ಮೋಟಾರು ಸುಮಾರು 7.5 ಆಂಪಿಯರ್ ತೆಗೆದುಕೊಳ್ಳುವುದರಿಂದ ರಿಲೇ ಸಾಕಾಗುತ್ತದೆಂದು ಕೆಲವರು ತಿಳಿಯುತ್ತಾರೆ. ಇದು ಸರಿಯಲ್ಲ. ಚಾಲೂ ಆಗುವ ಕ್ಷಣದಲ್ಲಿ ಮೋಟಾರು ಇದರ ಸುಮಾರು ಆರು ಪಟ್ಟು ಎಳೆಯುತ್ತದೆ. ಅಲ್ಲದೆ ಲೈನಿನ ವೋಲ್ಟೇಜು ರಿಲೇಯ ಮಿತಿಯನ್ನು ಮೀರಿದ್ದು. ರಿಲೇಯ ಹಲ್ಲುಗಳು ಬೆಸುಗೆಗೊಂಡು ಪಂಪು ನಿಲ್ಲದೆ ಹೋಗಬಹುದು. ಆದುದರಿಂದ ಮೋಟಾರಿನ ಕರೆಂಟನ್ನು ಸ್ಟಾರ್ಟರಿನ ಕಾಂಟ್ಯಾಕ್ಟರೇ ಹೊರಬೇಕು. ರಿಲೇ ಕೇವಲ ಕಾಂಟ್ಯಾಕ್ಟರಿನ ಸುರುಳಿಯನ್ನು ನಡೆಸಬೇಕು.

ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಪಂಪ್‌ಸೆಟ್ಟಿನ ಅನೇಕ ಸ್ಟಾರ್ಟರುಗಳಲ್ಲಿ ಈ ಸುರುಳಿ ಎರಡು ಫೇಸುಗಳ ನಡುವೆ, ಅಂದರೆ 415 ವೋಲ್ಟಿನಲ್ಲಿ ಕೆಲಸ ಮಾಡುತ್ತದೆ. 250 ವೋಲ್ಟಿನ ರಿಲೇ ಇದನ್ನೂ ಕಡಿಯಬಾರದು. ಇದಕ್ಕೆ ಒಳ್ಳೆಯ ಪರಿಹಾರವೆಂದರೆ 415ರಿಂದ 24 ವೋಲ್ಟಿಗೆ ಇಳಿಸುವ 100 ವಿ.ಎ. ಸಾಮರ್ಥ್ಯದ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಹಾಕಿ, ಸ್ಟಾರ್ಟರಿಗೆ ಅದೇ ತಯಾರಿಕೆಯ 24 ವೋಲ್ಟಿನ ಸುರುಳಿ ಕೂರಿಸುವುದು. ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳೂ ಬೇರೆ ಬೇರೆಯಾಗಿರಬೇಕು. ಆಟೋ ಟ್ರಾನ್ಸ್‌ಫಾರ್ಮರ್ ಸಲ್ಲದು. 415 ವೋಲ್ಟಿನ ಎರಡೂ ತಂತಿಗಳಿಗೆ ಫ್ಯೂಜು ಇರಬೇಕು. 24 ವೋಲ್ಟಿನ ಒಂದು ತುದಿಯನ್ನು ಅರ್ಥಿಂಗಿಗೆ ಸೇರಿಸಿ, ಇನ್ನೊಂದು ತುದಿಗೆ ಫ್ಯೂಜು ಹಾಕಬೇಕು. ಹೀಗೆ ಮಾಡಿದರೆ ಗುಂಡಿಗಳು, ರಿಲೇ ಮತ್ತು ಕೈ ತಾಗುವ ತಂತಿಗಳೆಲ್ಲ 24 ವೋಲ್ಟಿನಲ್ಲಿ ಉಳಿಯುತ್ತವೆ. ರಿಲೇ ಕಡಿಯುವಾಗ ಹುಟ್ಟುವ ಕಿಡಿಯಿಂದ ಬೋರ್ಡು ಗಲಿಬಿಲಿಗೊಳ್ಳದಂತೆ ಸುರುಳಿಗೆ ಅಡ್ಡಲಾಗಿ 100 ಓಮ್ ತಡೆ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಒಂದರ ಹಿಂದೊಂದು ಜೋಡಿಸಿ ಇಡಬೇಕು.

24 ವೋಲ್ಟಿನ ಮಾರ್ಗದ ಅನುಕ್ರಮ ಹೀಗಿರಲಿ: ಮೊದಲು ಕೆಂಪು ನಿಲುಗಡೆ ಗುಂಡಿ, ನಂತರ ಓವರ್‌ಲೋಡ್ ರಿಲೇಯ ಸಂಪರ್ಕ, ನಂತರ ಸಿಂಗಲ್ ಫೇಸ್ ತಡೆಯುವ ಸಾಧನದ ಸಂಪರ್ಕ, ನಂತರ ಕೈ-ನಿಲುಗಡೆ-ಸ್ವಯಂ ಎಂಬ ಮೂರು ಸ್ಥಾನಗಳ ಸ್ವಿಚ್ಚು. ಕೈ ಸ್ಥಾನದಲ್ಲಿ ಹಳೆಯ ಹಸಿರು ಗುಂಡಿ ಕೆಲಸ ಮಾಡುತ್ತದೆ. ಸ್ವಯಂ ಸ್ಥಾನದಲ್ಲಿ ಬೋರ್ಡಿನ ರಿಲೇ ಕೆಲಸ ಮಾಡುತ್ತದೆ. ಕೊನೆಗೆ ಕಾಂಟ್ಯಾಕ್ಟರಿನ ಸುರುಳಿ. ರಕ್ಷಣೆಯ ಮೂರು ಸಾಧನಗಳೂ ಮೊದಲಿಗೆ ಬರುವುದರಿಂದ, ಬೋರ್ಡು ಕೆಟ್ಟರೂ, ಪ್ರೋಗ್ರಾಮ್ ತಪ್ಪಿದರೂ, ರಿಲೇ ಅಂಟಿಕೊಂಡರೂ ಅವು ಪಂಪನ್ನು ನಿಲ್ಲಿಸುತ್ತವೆ. ಮೋಟಾರಿನ ರಕ್ಷಣೆಯನ್ನು ಎಂದೂ ಪ್ರೋಗ್ರಾಮಿನ ಮೇಲೆ ಬಿಡಬಾರದು.

ಸಿಂಗಲ್ ಫೇಸ್ ತಡೆಯುವ ಸಾಧನವು ಕರೆಂಟನ್ನು ನೋಡಿ ನಿರ್ಧರಿಸುವಂಥದ್ದಾಗಿರಲಿ. ಓಡುತ್ತಿರುವ ಮೋಟಾರು, ತಪ್ಪಿಹೋದ ಫೇಸಿನ ತಂತಿಯಲ್ಲಿ ತಾನೇ ವೋಲ್ಟೇಜನ್ನು ಹುಟ್ಟಿಸುತ್ತದೆ. ಬರಿಯ ವೋಲ್ಟೇಜು ನೋಡುವ ಸಾಧನ ಆಗ ಮೋಸಹೋಗಬಹುದು.

ತೊಟ್ಟಿಯಿಂದ ಬೋರ್ಡಿಗೆ ಸುದ್ದಿ

230 ವೋಲ್ಟಿನ ಫ್ಲೋಟ್ ಸ್ವಿಚ್ಚನ್ನು ತೊಟ್ಟಿಯಲ್ಲಿ ಇಳಿಬಿಡುವ ರೂಢಿ ಕೆಲವೆಡೆ ಇದೆ. ಬಿಸಿಲಿಗೆ ಅದರ ತಂತಿಯ ಹೊದಿಕೆ ಬಿರಿದರೆ ತೊಟ್ಟಿಯ ನೀರಿಗೇ ಕರೆಂಟು ಬರುತ್ತದೆ. ಅದೇ ತೊಟ್ಟಿಯಲ್ಲಿ ಮಕ್ಕಳು ಇಳಿಯುತ್ತಾರೆ, ದನಗಳು ನೀರು ಕುಡಿಯುತ್ತವೆ. ಆದುದರಿಂದ ತೊಟ್ಟಿಯಲ್ಲಿ 12 ವೋಲ್ಟ್ ಡಿಸಿ ಮಾತ್ರ ಇರಬೇಕು.

ತೊಟ್ಟಿ 200 ಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳೋಣ. 1 ಚದರ ಮಿ.ಮೀ. ತಾಮ್ರದ ಜೋಡಿ ತಂತಿಯ ತಡೆ ಹೋಗಿಬರುವ 400 ಮೀಟರಿಗೆ ಸುಮಾರು 7 ಓಮ್ ಆಗುತ್ತದೆ. ಇದು ಲೆಕ್ಕಕ್ಕೆ ಬಾರದಷ್ಟು ಸಣ್ಣದು. 12 ವೋಲ್ಟಿನಿಂದ ಫ್ಲೋಟ್ ಸ್ವಿಚ್ಚಿಗೆ, ಅಲ್ಲಿಂದ ಹಿಂದಿರುಗಿ 1000 ಓಮ್ ತಡೆಯ ಮೂಲಕ ಪಿಸಿ817 ಆಪ್ಟೋಕಪ್ಲರಿನ ದೀಪದ ಬದಿಗೆ ಜೋಡಿಸಬೇಕು. ಈ ದೀಪ ಸುಮಾರು 1.2 ವೋಲ್ಟ್ ತೆಗೆದುಕೊಳ್ಳುತ್ತದೆ. ಉಳಿದ 10.8 ವೋಲ್ಟಿಗೆ 1000 ಓಮ್ ಎಂದರೆ ಸುಮಾರು 11 ಮಿಲಿ ಆಂಪಿಯರ್ ಹರಿಯುತ್ತದೆ. ದೀಪ ಬೆಳಗಿದಾಗ ಆಚೆ ಬದಿಯ ಟ್ರಾನ್ಸಿಸ್ಟರು ಬೋರ್ಡಿಗೆ ಸುದ್ದಿ ಕೊಡುತ್ತದೆ.

ಈ 12 ವೋಲ್ಟು ಬೋರ್ಡಿನ ಬ್ಯಾಟರಿಯಿಂದಲೇ ನೇರವಾಗಿ ಬರಬಾರದು. ಒಂದೇ ಋಣ ತಂತಿ ಎರಡೂ ಬದಿಗೆ ಹೋದರೆ ಆಪ್ಟೋಕಪ್ಲರ್ ಇದ್ದೂ ಇಲ್ಲದಂತೆ. ಒಳಬದಿ, ಹೊರಬದಿ ಬೇರೆಯಾಗಿರುವ 1 ವ್ಯಾಟಿನ 12ರಿಂದ 12 ವೋಲ್ಟಿನ ಪರಿವರ್ತಕವನ್ನು ಬಳಸಬೇಕು. ಉದ್ದ ತಂತಿಯಲ್ಲಿ ಗುಡುಗು ಸಿಡಿಲಿನ ವೇಳೆ ಹುಟ್ಟುವ ವೋಲ್ಟೇಜು ಆಗ ಬೋರ್ಡನ್ನು ಸುಲಭವಾಗಿ ತಲುಪಲಾರದು. ಈ ತಂತಿಯನ್ನು ಪಂಪಿನ ಕೇಬಲ್ಲಿನ ಪೈಪಿನಲ್ಲಿ ಹಾಕದೆ ಕನಿಷ್ಠ ಒಂದು ಅಡಿ ದೂರದಲ್ಲಿ ಬೇರೆ ಪೈಪಿನಲ್ಲಿ ಹಾಕಬೇಕು.

ತೊಟ್ಟಿಗೆ ನೀರು ಬೇಕಾದಾಗ ಫ್ಲೋಟಿನ ಸಂಪರ್ಕ ಕೂಡಿರಬೇಕು, ತುಂಬಿದಾಗ ಬಿಡಬೇಕು. ಹೀಗಿದ್ದರೆ ಇಲಿ ತಂತಿಯನ್ನು ಕಡಿದರೂ ಬೋರ್ಡು ತೊಟ್ಟಿ ತುಂಬಿತೆಂದು ತಿಳಿದು ಪಂಪನ್ನು ನಿಲ್ಲಿಸುತ್ತದೆ. ಕೆಟ್ಟಾಗ ನಿಲ್ಲುವಂತಿರಬೇಕೇ ಹೊರತು ಓಡುವಂತಿರಬಾರದು.

ಪ್ರೋಗ್ರಾಮಿನಲ್ಲಿ ಇರಬೇಕಾದ ಮೂರು ಕಟ್ಟುಗಳು

1. ಲೈನು ಬಂದೊಡನೆ ಪಂಪು ಚಾಲೂ ಆಗಬಾರದು. ಪಂಪು ನಿಂತ ನಂತರ ಕನಿಷ್ಠ 3 ನಿಮಿಷ ಕಾಯಬೇಕು. ಕೊಳವೆಯ ನೀರು ಕೆಳಗಿಳಿಯುವಾಗ ಪಂಪು ಹಿಂದುಮುಂದಾಗಿ ತಿರುಗಬಹುದು. ಆಗ ಚಾಲೂ ಮಾಡಿದರೆ ಮೋಟಾರಿಗೆ ಪೆಟ್ಟು. ಲೈನು ಹೋಗಿ ಬಂದದ್ದು ಬ್ಯಾಟರಿಯ ಮೇಲಿರುವ ಬೋರ್ಡಿಗೆ ತಿಳಿಯುವುದಿಲ್ಲ. ಆದುದರಿಂದ ಸುರುಳಿಯ ಮಾರ್ಗದಲ್ಲಿ 3 ನಿಮಿಷ ತಡೆಯುವ ಸಿದ್ಧ ಟೈಮರು ಇರುವುದು ಅವಶ್ಯಕ.

2. ಪಂಪು ಓಡುವ ಗರಿಷ್ಠ ಅವಧಿಯನ್ನು ನಿಗದಿ ಮಾಡಬೇಕು. ಹನಿ ನೀರಾವರಿಯಲ್ಲಿ ಫಲ ಕೊಡುವ ಅಡಿಕೆ ಮರವೊಂದಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ನೀರು ಬೇಕು. 500 ಮರಗಳಿಗೆ 10,000 ಲೀಟರ್ ಆಯಿತು. ಗಂಟೆಗೆ 5,000 ಲೀಟರ್ ಕೊಡುವ ಪಂಪಿಗೆ 2 ಗಂಟೆ ಸಾಕು. 3 ಗಂಟೆಯಾದರೂ ತೊಟ್ಟಿ ತುಂಬದಿದ್ದರೆ ಬಾವಿ ಬತ್ತಿದೆ ಅಥವಾ ಕೊಳವೆ ಒಡೆದಿದೆ ಎಂದರ್ಥ. ಆಗ ಪಂಪು ನಿಂತು, ಮನುಷ್ಯ ಬಂದು ನೋಡುವವರೆಗೆ ನಿಂತೇ ಇರಬೇಕು.

3. ಬೋರ್ಡಿನಲ್ಲಿರುವ ವಾಚ್‌ಡಾಗ್ ಟೈಮರನ್ನು ಉಪಯೋಗಿಸಬೇಕು. ಪ್ರೋಗ್ರಾಮ್ ಎಲ್ಲಾದರೂ ಸಿಕ್ಕಿಕೊಂಡರೆ ಅದು ಬೋರ್ಡನ್ನು ಮತ್ತೆ ಮೊದಲಿನಿಂದ ಚಾಲೂ ಮಾಡುತ್ತದೆ.

ಜೋಡಣೆ ಮತ್ತು ಪರೀಕ್ಷೆ

ಬೋರ್ಡಿಗೂ ಸ್ಟಾರ್ಟರಿಗೂ ಬೇರೆ ಬೇರೆ ಪೆಟ್ಟಿಗೆ ಇರಲಿ. ಸ್ಟಾರ್ಟರಿನ ಪೆಟ್ಟಿಗೆಯೊಳಗೆ ಬೋರ್ಡನ್ನು ತುರುಕಬಾರದು. ಸ್ಟಾರ್ಟರ್ ಮತ್ತು ಟ್ರಾನ್ಸ್‌ಫಾರ್ಮರಿನ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸಬೇಕು. ಬೋರ್ಡು, ಫ್ಲೋಟು, ಪ್ರೋಗ್ರಾಮುಗಳನ್ನು ಮನೆಯ ಯುವಕರು ಮಾಡಿಕೊಳ್ಳಬಹುದು. ಪರೀಕ್ಷೆಯನ್ನು ಹಂತಹಂತವಾಗಿ ನಡೆಸಬೇಕು:

ಮೊದಲ ಹಂತ: ಲೈನು ಇಲ್ಲದೆ, ರಿಲೇಯ ಟಿಕ್ ಶಬ್ದ ಮಾತ್ರ ಕೇಳಿ ಪ್ರೋಗ್ರಾಮ್ ಸರಿಯಿದೆಯೇ ನೋಡಬೇಕು. ಫ್ಲೋಟಿನ ತಂತಿಯನ್ನು ಬಿಚ್ಚಿದಾಗ ರಿಲೇ ಬಿಡಬೇಕು.

ಎರಡನೆಯ ಹಂತ: ಎಲ್ಲ ಫ್ಯೂಜು ತೆಗೆದು, ಮಲ್ಟಿಮೀಟರಿನಿಂದ ಬೋರ್ಡಿನ ಗ್ರೌಂಡಿಗೂ ಸ್ಟಾರ್ಟರಿನ ಪ್ರತಿಯೊಂದು ತಂತಿಗೂ ನಡುವಿನ ತಡೆ ಅಳೆಯಬೇಕು. ಎಲ್ಲಿಯೂ ಸಂಪರ್ಕ ತೋರಿಸಬಾರದು. ತೋರಿಸಿದರೆ ಒಡ್ಡು ಒಡೆದಿದೆ ಎಂದು ತಿಳಿದು ಮುಂದುವರಿಯಬಾರದು.

ಮೂರನೆಯ ಹಂತ: ಮೋಟಾರಿನ ಕೇಬಲ್ ಬಿಚ್ಚಿಟ್ಟು ಕಾಂಟ್ಯಾಕ್ಟರನ್ನು ಮಾತ್ರ ನಡೆಸಿ ನೋಡಬೇಕು. ಕೆಂಪು ಗುಂಡಿ ಒತ್ತಿದಾಗ ಅದು ತಕ್ಷಣ ಬಿಡಬೇಕು.

ನಾಲ್ಕನೆಯ ಹಂತ: ಮೋಟಾರು ಜೋಡಿಸಿ, ಒಂದು ಪೂರ್ಣ ಪಾಳಿಯನ್ನು ಹತ್ತಿರವಿದ್ದು ಗಮನಿಸಬೇಕು.

ರೈತರ ಕೆಲವು ಪ್ರಶ್ನೆಗಳು

ಪ್ರಶ್ನೆ: ಕಂಡೆನ್ಸರ್ ಹಾಕಿ ಎರಡು ಫೇಸಿನಲ್ಲಿ ಪಂಪು ನಡೆಸುತ್ತೇವೆ. ಅದಕ್ಕೂ ಬೋರ್ಡು ಜೋಡಿಸಬಹುದೇ?
ಉತ್ತರ: ಬೇಡ. ಹಾಗೆ ನಡೆಸಲು ಸಿಂಗಲ್ ಫೇಸ್ ರಕ್ಷಣೆಯನ್ನು ತೆಗೆಯಬೇಕಾಗುತ್ತದೆ. ಯಾರೂ ಹತ್ತಿರವಿಲ್ಲದಾಗ ಓಡುವ ಪಂಪಿಗೆ ರಕ್ಷಣೆ ಇರಲೇಬೇಕು.

ಪ್ರಶ್ನೆ: ಲೈನಿನ ವೋಲ್ಟೇಜು ಕಡಿಮೆಯಾದಾಗ ಕಾಂಟ್ಯಾಕ್ಟರ್ ಗರಗರ ಎನ್ನುತ್ತದೆ. ಇದು ಬೋರ್ಡಿನ ದೋಷವೇ?
ಉತ್ತರ: ಅಲ್ಲ. ಸಾಮಾನ್ಯವಾಗಿ ನಿಗದಿತ ವೋಲ್ಟೇಜಿನ ಶೇಕಡಾ 85ಕ್ಕಿಂತ ಕಡಿಮೆಯಾದರೆ ಕಾಂಟ್ಯಾಕ್ಟರ್ ಗಟ್ಟಿಯಾಗಿ ಹಿಡಿಯುವುದಿಲ್ಲ. ಕೂಡಲೇ ಪಂಪನ್ನು ನಿಲ್ಲಿಸಬೇಕು. ಕಡಿಮೆ ವೋಲ್ಟೇಜಿನಲ್ಲಿ ನಿಲ್ಲಿಸುವ ಸಾಧನವನ್ನು ಸ್ಟಾರ್ಟರಿಗೆ ಹಾಕಿಸುವುದು ಉತ್ತಮ.

ಪ್ರಶ್ನೆ: ಪಂಪು ಮೇಲೆತ್ತುವಾಗ ಸ್ವಿಚ್ಚನ್ನು ನಿಲುಗಡೆ ಸ್ಥಾನಕ್ಕೆ ತಂದರೆ ಸಾಕೇ?
ಉತ್ತರ: ಸಾಲದು. ಮೇನ್ ಸ್ವಿಚ್ಚನ್ನು ಬಂದ್ ಮಾಡಿ, ಮೂರೂ ಫ್ಯೂಜುಗಳನ್ನು ಕಿತ್ತು, ಬಾವಿಯ ಬಳಿ ಕೆಲಸ ಮಾಡುವವನೇ ತನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಅವನು ಮೇಲೆ ಬರುವ ತನಕ ಬೇರೆ ಯಾರೂ ಚಾಲೂ ಮಾಡಲಾಗಬಾರದು.

ಪ್ರಶ್ನೆ: ಯಾರಿಗಾದರೂ ಕರೆಂಟು ಹೊಡೆದರೆ ಏನು ಮಾಡಬೇಕು?
ಉತ್ತರ: ಅವನನ್ನು ಮುಟ್ಟುವ ಮೊದಲು ಮೇನ್ ಬಂದ್ ಮಾಡಬೇಕು. ಅದು ಆಗದಿದ್ದರೆ, ಒಣಗಿದ ನೆಲದ ಮೇಲೆ ನಿಂತು ಒಣ ಕಟ್ಟಿಗೆಯಿಂದ ತಂತಿಯನ್ನು ದೂರ ಮಾಡಬೇಕು. ಕಂಬದ ಮೇಲಿನ ಹೈಟೆನ್ಷನ್ ತಂತಿಯಾಗಿದ್ದರೆ ಹತ್ತಿರ ಹೋಗಲೇಬಾರದು. ಕೂಡಲೇ 108ಕ್ಕೆ ಕರೆಮಾಡಬೇಕು. ಉಸಿರಾಟ ನಿಂತಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತ ಸಹಾಯ ಬರುವವರೆಗೆ ಬಿಡದೆ ಮುಂದುವರಿಸಬೇಕು.

ನೆನಪಿಡಬೇಕಾದ ಅಂಶಗಳು

ಬೋರ್ಡಿನ ಬದಿಗೂ ಲೈನಿನ ಬದಿಗೂ ನಡುವೆ ಒಂದೇ ಒಂದು ತಂತಿಯೂ ಸಾಮಾನ್ಯವಾಗಿರಬಾರದು. ರಿಲೇ 24 ವೋಲ್ಟನ್ನು ಮಾತ್ರ ನಡೆಸಲಿ. 415 ವೋಲ್ಟನ್ನು ಕಾಂಟ್ಯಾಕ್ಟರ್ ನಡೆಸಲಿ. ನಿಲುಗಡೆ ಗುಂಡಿ ಮತ್ತು ಓವರ್‌ಲೋಡ್ ಬೋರ್ಡಿಗಿಂತ ಮೊದಲು ಬರಲಿ. ತೊಟ್ಟಿಯ ನೀರಿನಲ್ಲಿ 12 ವೋಲ್ಟಿಗಿಂತ ಹೆಚ್ಚು ಇರಬಾರದು. ಮೋಟಾರು, ಸ್ಟಾರ್ಟರಿನ ಪೆಟ್ಟಿಗೆ ಮತ್ತು ಬಾವಿಯ ಕಬ್ಬಿಣದ ಕೊಳವೆಗೆ ಸರಿಯಾದ ಅರ್ಥಿಂಗ್ ಇರಲಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕುತ್ತಿರಬೇಕು. ಬಾವಿಯ ಬಳಿ "ಈ ಪಂಪು ಯಾವ ಕ್ಷಣದಲ್ಲಾದರೂ ತಾನೇ ಚಾಲೂ ಆಗುತ್ತದೆ" ಎಂಬ ಫಲಕವನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿ ಹಾಕಬೇಕು.

ಯಾವ ಬೆಳೆಗೆ ಯಾವ ಹಂತದಲ್ಲಿ ಎಷ್ಟು ನೀರು ಎಂಬುದನ್ನು ಪ್ರೋಗ್ರಾಮಿಗೆ ಸೇರಿಸುವ ಮೊದಲು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದ ಅಥವಾ ಸಮೀಪದ ರೈತ ಸಂಪರ್ಕ ಕೇಂದ್ರದ ಸಲಹೆ ಪಡೆಯುವುದು ಒಳ್ಳೆಯದು. ಗ್ರಾಮ ಮಟ್ಟದ ವಿಸ್ತರಣಾ ಕಾರ್ಯಕರ್ತರು ತಮ್ಮ ವ್ಯಾಪ್ತಿಯಲ್ಲಿ ಈಗಾಗಲೇ ಜೋಡಿಸಿರುವ ಸ್ವಯಂಚಾಲಿತ ಪಂಪುಗಳನ್ನು ನೋಡಿದಾಗ ಎರಡು ಪ್ರಶ್ನೆ ಕೇಳಲಿ: ಬೋರ್ಡಿಗೆ ವಿದ್ಯುತ್ತು ಎಲ್ಲಿಂದ ಬರುತ್ತದೆ? ತೊಟ್ಟಿಯಲ್ಲಿ ಎಷ್ಟು ವೋಲ್ಟು ಇದೆ? ಈ ಎರಡಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಅಂದೇ ಆ ಪಂಪನ್ನು ಕೈ ಸ್ಥಾನಕ್ಕೆ ತರಿಸಿ, ಜೋಡಣೆ ಸರಿಪಡಿಸಿದ ಮೇಲೆಯೇ ಮತ್ತೆ ಸ್ವಯಂ ಸ್ಥಾನಕ್ಕೆ ಬಿಡಿಸಬೇಕು.